ಲಂಡನ್ನಿನ ಹೊಗೆಮಂಜು

ಇಂಗ್ಲಿಷ್ ಸಾಹಿತ್ಯದಲ್ಲಿ ಸ್ವಲ್ಪ ಮಟ್ಟಿಗಾದರೂ ಪರಿಚಯವುಳ್ಳವರಿಗೆ ಲಂಡನ್ ನಗರದ ಮಂಜು ಹೊಸದಲ್ಲ. ಡಿಕನ್ಸನು ತನ್ನ 'ಬ್ಲೀಕ್ ಹೌಸ್' ಕಾದಂಬರಿಯ ಮೊದಲ ಪುಟಗಳಲ್ಲಿಯೇ ಅದನ್ನು ನದಿಯ ಮೇಲೆಯೂ ಹಡಗುಗಳ ಮೇಲೆಯೂ ನ್ಯಾಯಸ್ಥಾನದ ಸುತ್ತಲೂ ಕವಿಯಿಸಿದ್ದಾನೆ. ಷೆರ್ಲಾಕ್ ಹೋಮ್ಸನ ಕಥೆಗಳಿಗೆ ಅದು ಹಿನ್ನೆಲೆಯ ಪರದೆ. ಮೊನೆ ಎಂಬ ಫ್ರೆಂಚ್ ಚಿತ್ರಕಾರನು 1899ರಿಂದ 1901ರವರೆಗೆ ಮತ್ತೆ ಮತ್ತೆ ಲಂಡನ್ನಿಗೆ ಬಂದು, ಆ ಮಂಜಿನಲ್ಲಿ ಕರಗಿದಂತೆ ತೋರುವ ಸೇತುವೆಗಳನ್ನೂ ಪಾರ್ಲಿಮೆಂಟು ಭವನವನ್ನೂ ಚಿತ್ರಿಸಿದನು. ನಾವು ವಿದ್ಯಾರ್ಥಿಗಳಾಗಿದ್ದಾಗ ಇದನ್ನೆಲ್ಲ ರಮಣೀಯವೆಂದು ಓದಿದೆವು. ಅಧ್ಯಾಪಕರಾದ ಮೇಲೆ ರಮಣೀಯವೆಂದೇ ಪಾಠ ಹೇಳಿದೆವು. ನಮ್ಮ ಮಲೆನಾಡಿನ ಬೆಳಗಿನ ಇಬ್ಬನಿಯನ್ನು ಕಂಡು ಬೆಳೆದ ಕಣ್ಣಿಗೆ ಮಂಜೆಂದರೆ ಶುಚಿಯಾದ, ತಂಪಾದ, ಬಿಳಿಯ ವಸ್ತು. ಲಂಡನ್ನಿನ ಮಂಜು ಹಾಗಿರಲಿಲ್ಲವೆಂಬುದನ್ನು ನಾವು ತಿಳಿದುಕೊಂಡದ್ದು ಬಹಳ ತಡವಾಗಿ. ಅದರ ಬಣ್ಣ ಹಳದಿ. ಅದರ ವಾಸನೆ ಗಂಧಕದ್ದು. ಅದರಲ್ಲಿ ನಡೆದು ಬಂದವನ ಕೊರಳಪಟ್ಟಿ ಕಪ್ಪಾಗುತ್ತಿದ್ದಿತು. ಕಲ್ಲಿದ್ದಲ ಹೊಗೆಯ ನಿವಾರಣೆಗಾಗಿ ಏರ್ಪಟ್ಟಿದ್ದ ಸಂಘದ ವೈದ್ಯರೊಬ್ಬರು 1905ರಲ್ಲಿ ಇದಕ್ಕೆ ತಕ್ಕ ಹೆಸರನ್ನು ಬಳಕೆಗೆ ತಂದರು. ಹೊಗೆಗೆ ಅವರ ಭಾಷೆಯಲ್ಲಿ ಸ್ಮೋಕ್ ಎಂದೂ ಮಂಜಿಗೆ ಫಾಗ್ ಎಂದೂ ಹೆಸರು. ಎರಡನ್ನೂ ಕೂಡಿಸಿ ಅವರು ಸ್ಮಾಗ್ ಎಂದರು. ನಾವು ಅದನ್ನು ಹೊಗೆಮಂಜು ಎಂದು ಕರೆಯಬಹುದು.

ಈ ಹೊಗೆಮಂಜು 1952ನೆಯ ಇಸವಿಯ ಡಿಸೆಂಬರ್ ತಿಂಗಳಲ್ಲಿ ಐದು ದಿನಗಳ ಕಾಲ ಲಂಡನ್ನಿನ ಮೇಲೆ ಕುಳಿತು ಸಹಸ್ರಾರು ಜನರನ್ನು ಕೊಂದಿತು. ಆ ಕಥೆಯನ್ನು ಈ ಹೊತ್ತು ಹೇಳಬೇಕೆಂದಿದ್ದೇವೆ. ಕಥೆ ಪರದೇಶದ್ದು, ಹಳೆಯದು. ಆದರೂ ಅದರಿಂದ ನಾವು ಕಲಿಯಬೇಕಾದ ಪಾಠ ಇನ್ನೂ ಹಳೆಯದಾಗಿಲ್ಲ.

ರೋಗ ಹಠಾತ್ತಾಗಿ ಬಂದದ್ದಲ್ಲ. ಇಂಗ್ಲೆಂಡಿನ ಈಶಾನ್ಯ ತೀರದಿಂದ ಹಡಗುಗಳಲ್ಲಿ ಲಂಡನ್ನಿಗೆ ಕಲ್ಲಿದ್ದಲು ಬರುವುದು ಮಧ್ಯಯುಗದಲ್ಲಿಯೇ ಮೊದಲಾಗಿದ್ದಿತು. ಹದಿನಾಲ್ಕನೆಯ ಶತಮಾನದ ಆದಿಯಲ್ಲಿ ಒಂದನೆಯ ಎಡ್ವರ್ಡ್ ದೊರೆ ಸುಣ್ಣ ಸುಡುವವರು ಮೊದಲಾದವರು ಅದನ್ನು ಉರಿಸಕೂಡದೆಂದು ಅಪ್ಪಣೆ ಮಾಡಿದನು. ಅಪ್ಪಣೆ ಕಾಗದದಲ್ಲಿ ಉಳಿಯಿತು. ಹೊಗೆ ಗಾಳಿಯಲ್ಲಿ ಉಳಿಯಿತು. ಕಾಡು ಕರಗಿ ಸೌದೆ ದುಬಾರಿಯಾದ ಹಾಗೆಲ್ಲ ಕಲ್ಲಿದ್ದಲು ಮನೆಮನೆಗೂ ಬಂದಿತು. 1661ರಲ್ಲಿ ಜಾನ್ ಎವೆಲಿನ್ ಎಂಬ ಗೃಹಸ್ಥನು ಎರಡನೆಯ ಚಾರ್ಲ್ಸ್ ದೊರೆಗೆ ಈ ವಿಷಯದಲ್ಲಿ ಒಂದು ಪುಸ್ತಕವನ್ನೇ ಬರೆದು ಒಪ್ಪಿಸಿದನು. ಹೊಗೆಯುಗುಳುವ ಕಸುಬುಗಳನ್ನು ಊರ ಹೊರಗೆ ಕಳುಹಿಸಬೇಕು, ನಗರದ ಸುತ್ತ ಪರಿಮಳದ ಗಿಡಗಳನ್ನು ನೆಡಬೇಕು ಎಂಬುದು ಅವನ ಸಲಹೆ. ಮರುವರ್ಷವೇ ಜಾನ್ ಗ್ರಾಂಟ್ ಎಂಬ ವರ್ತಕನು ಇನ್ನೊಂದು ಕೆಲಸ ಮಾಡಿದನು. ಲಂಡನ್ನಿನಲ್ಲಿ ವಾರವಾರವೂ ಪ್ರಕಟವಾಗುತ್ತಿದ್ದ ಮರಣದ ಪಟ್ಟಿಗಳನ್ನು ಕಲೆಹಾಕಿ, ಲೆಕ್ಕ ಮಾಡಿ, ಈ ನಗರ ಹಿಂದಿಗಿಂತ ಅನಾರೋಗ್ಯಕರವಾಗಿದೆ ಎಂಬ ಅಭಿಪ್ರಾಯಕ್ಕೆ ಬಂದನು. ಕಾರಣಗಳಲ್ಲಿ ಕಲ್ಲಿದ್ದಲನ್ನೂ ಹೆಸರಿಸಿದನು. ಒಬ್ಬನು ಮೂಗಿನಿಂದ ಕಂಡುಕೊಂಡದ್ದನ್ನು ಇನ್ನೊಬ್ಬನು ಲೆಕ್ಕದಿಂದ ಕಂಡುಕೊಂಡನು. ಈ ಲೆಕ್ಕದ ಮಾತನ್ನು ಶ್ರೋತೃಗಳು ನೆನಪಿನಲ್ಲಿಟ್ಟುಕೊಳ್ಳಬೇಕೆಂದು ಬೇಡುತ್ತೇವೆ. ನಮ್ಮ ಕಥೆಯ ಹುರುಳು ಇದರಲ್ಲಿದೆ.

ಈಗ 1952ಕ್ಕೆ ಬರೋಣ. ಮಹಾಯುದ್ಧ ಮುಗಿದು ಏಳು ವರ್ಷಗಳಾಗಿದ್ದರೂ ಇಂಗ್ಲೆಂಡಿನಲ್ಲಿ ಕಲ್ಲಿದ್ದಲಿಗೆ ಇನ್ನೂ ರೇಷನ್ ಇದ್ದಿತು. ಒಳ್ಳೆಯ ಜಾತಿಯ ಇದ್ದಿಲನ್ನು ಹೊರದೇಶಗಳಿಗೆ ಮಾರಿ ದೇಶದ ಸಾಲ ತೀರಿಸಬೇಕಾಗಿದ್ದಿತು. ಮನೆವಾರ್ತೆಗೆ ದೊರೆಯುತ್ತಿದ್ದದ್ದು ಪುಡಿಯೂ ಹರಳೂ ಬೆರೆತ ಅಗ್ಗದ ಇದ್ದಿಲು. ಶಾಖ ಕಡಮೆ, ಹೊಗೆ ಹೆಚ್ಚು. ಆ ಡಿಸೆಂಬರ್ ಮೊದಲ ದಿನದಿಂದ ಇದಕ್ಕೆ ಮಾತ್ರ ರೇಷನ್ ತೆಗೆದುಹಾಕಿದ್ದರು. ಚಳಿ ಬಲವಾಗಿದ್ದಿತು. ಲಕ್ಷಾಂತರ ಮನೆಗಳ ಅಗ್ಗಿಷ್ಟಿಕೆಗಳು ಹಗಲಿರುಳೂ ಉರಿದವು. ಇದಲ್ಲದೆ ಬ್ಯಾಟರ್ಸೀ ಮೊದಲಾದ ಕಡೆಗಳಲ್ಲಿ ವಿದ್ಯುಚ್ಛಕ್ತಿಯ ಸ್ಥಾವರಗಳು, ಕಾರ್ಖಾನೆಗಳು, ಉಗಿಬಂಡಿಗಳು. ಅದೇ ವರ್ಷದ ಜುಲೈ ತಿಂಗಳಲ್ಲಿ ಕೊನೆಯ ಟ್ರಾಮು ನಿಂತು ಅದರ ಸ್ಥಾನಕ್ಕೆ ಬಂದಿದ್ದ ಡೀಸೆಲ್ ಬಸ್ಸುಗಳು.

ಹೊಗೆ ಎಷ್ಟಿದ್ದರೂ ಸಾಮಾನ್ಯವಾಗಿ ಗಾಳಿ ಅದನ್ನು ಎತ್ತಿಕೊಂಡು ಹೋಗುತ್ತದೆ. ಭೂಮಿಗೆ ಹತ್ತಿರದ ಗಾಳಿ ಬಿಸಿ, ಮೇಲಿನದು ತಂಪು. ಬಿಸಿಯಾದದ್ದು ಮೇಲೇರುತ್ತದೆ, ಹೊಗೆಯೂ ಅದರೊಡನೆ ಏರಿ ಚದರುತ್ತದೆ. ಆದರೆ ಚಳಿಗಾಲದಲ್ಲಿ ಆಕಾಶ ನಿರ್ಮಲವಾಗಿ ಗಾಳಿ ಸ್ತಬ್ಧವಾದ ರಾತ್ರಿಗಳಲ್ಲಿ ಈ ಕ್ರಮ ತಲೆಕೆಳಗಾಗುವುದುಂಟು. ನೆಲ ಬೇಗ ತಣ್ಣಗಾಗಿ, ಅದನ್ನು ಮುಟ್ಟಿಕೊಂಡಿರುವ ಗಾಳಿಯೂ ತಣ್ಣಗಾಗಿ ಭಾರವಾಗುತ್ತದೆ. ಅದರ ಮೇಲೆ ಬೆಚ್ಚನೆಯ ಗಾಳಿಯ ಪದರವೊಂದು ಪಾತ್ರೆಗೆ ಮುಚ್ಚಳ ಹಾಕಿದಂತೆ ಕೂರುತ್ತದೆ. ಡಿಸೆಂಬರ್ 5ನೆಯ ತಾರೀಕು ಶುಕ್ರವಾರ ಥೇಮ್ಸ್ ಕಣಿವೆಯಲ್ಲಿ ನಡೆದದ್ದು ಇದೇ. ಮುಚ್ಚಳದ ಎತ್ತರ ನೂರರಿಂದ ಇನ್ನೂರು ಮೀಟರು ಮಾತ್ರ. ಅದರ ಕೆಳಗೆ ಸುಮಾರು ಎಂಬತ್ತು ಲಕ್ಷ ಜನ, ಅವರ ಒಲೆಗಳು, ಅವರ ಉಸಿರು.

ಆ ದಿನಗಳಲ್ಲಿ ಪ್ರತಿದಿನವೂ ಆ ಗಾಳಿಗೆ 1000 ಟನ್ನು ಹೊಗೆಯ ಕಣಗಳೂ, 370 ಟನ್ನು ಗಂಧಕದ ಡೈಆಕ್ಸೈಡ್ ಅನಿಲವೂ, 140 ಟನ್ನು ಹೈಡ್ರೋಕ್ಲೋರಿಕ್ ಆಮ್ಲವೂ ಸೇರುತ್ತಿದ್ದವೆಂದು ಹವಾಮಾನ ಶಾಸ್ತ್ರಜ್ಞರು ಗಣಿಸಿದ್ದಾರೆ. ಗಂಧಕದ ಅನಿಲ ಮಂಜಿನ ಹನಿಯಲ್ಲಿ ಕರಗಿ ಗಂಧಕಾಮ್ಲವಾಯಿತು. ಅದು ಅಷ್ಟು ಪ್ರಮಾಣದಲ್ಲಿ ಹೇಗೆ ಆಯಿತೆಂಬುದು ಬಹುಕಾಲ ತೊಡಕಿನ ಪ್ರಶ್ನೆಯಾಗಿದ್ದಿತು. ಇದ್ದಿಲು ಉರಿಯುವಾಗಲೇ ಹುಟ್ಟುವ ಸಾರಜನಕದ ಡೈಆಕ್ಸೈಡ್ ಈ ಮಾರ್ಪಾಡಿಗೆ ನೆರವಾಯಿತೆಂದೂ, ಹಗಲು ಮಂಜಿನ ಹನಿಗಳು ಆರಿ ಚಿಕ್ಕವಾದಂತೆ ಅವುಗಳೊಳಗಿನ ಆಮ್ಲ ತೀಕ್ಷ್ಣವಾಯಿತೆಂದೂ 2016ರಲ್ಲಿ ಪ್ರಕಟವಾದ ಒಂದು ಸಂಶೋಧನೆ ತೋರಿಸಿತು. ಎಂದರೆ, ಜನರು ಉಸಿರೆಳೆದಾಗ ಒಳಗೆ ಹೋದದ್ದು ಬರಿಯ ಮಸಿಯಲ್ಲ, ಆಮ್ಲದಲ್ಲಿ ನೆನೆದ ಮಸಿ.

ಹೊರಗೆ ಕಂಡದ್ದೇನು? ಏನೂ ಕಾಣಲಿಲ್ಲವೆಂಬುದೇ ಸರಿಯಾದ ಉತ್ತರ. ನಗರದ ನಡುವೆ ಎರಡು ಹಗಲು ಎರಡು ರಾತ್ರಿ ಐವತ್ತು ಮೀಟರಿನಾಚೆ ಯಾವುದೂ ಕಣ್ಣಿಗೆ ಬೀಳಲಿಲ್ಲ. ಹೀಥ್ರೋ ವಿಮಾನ ನಿಲ್ದಾಣದಲ್ಲಿ ಹತ್ತು ಮೀಟರಿನಾಚೆಯೂ ಕಾಣದಂತಾಯಿತು. ನದಿಯ ಬಳಿಯ ಕೆಲವು ಕೇರಿಗಳಲ್ಲಿ ನಡೆಯುವವರಿಗೆ ತಮ್ಮ ಪಾದಗಳೇ ಕಾಣುತ್ತಿರಲಿಲ್ಲ. ಬಸ್ಸಿನ ಕಂಡಕ್ಟರು ಕೈಯಲ್ಲಿ ದೀಪ ಹಿಡಿದು ಮುಂದೆ ನಡೆದರೆ ಬಸ್ಸು ಹಿಂದೆ ತೆವಳುತ್ತಿದ್ದಿತು. ಕೊನೆಗೆ ಅದೂ ನಿಂತು, ನೆಲದೊಳಗಿನ ರೈಲು ಮಾತ್ರ ಓಡಿತು. 8ನೆಯ ತಾರೀಕು ಸ್ಯಾಡ್ಲರ್ಸ್ ವೆಲ್ಸ್ ರಂಗಮಂದಿರದಲ್ಲಿ ಸಂಗೀತನಾಟಕವೊಂದನ್ನು ಮೊದಲ ಅಂಕಕ್ಕೇ ನಿಲ್ಲಿಸಬೇಕಾಯಿತು. ಮಂಜು ಒಳಕ್ಕೆ ನುಗ್ಗಿ, ಪ್ರೇಕ್ಷಕರಿಗೆ ರಂಗಸ್ಥಳ ಮಸುಕಾಗಿ, ಗಾಯಕರಿಗೆ ಕೆಮ್ಮು ಹತ್ತಿದ್ದಿತು. ಅದೇ ವಾರ ಸ್ಮಿತ್‌ಫೀಲ್ಡ್ ಹೆಸರಿನ ದನಗಳ ಪ್ರದರ್ಶನ ನಡೆಯುತ್ತಿದ್ದಿತು. ಬಹುಮಾನಕ್ಕೆಂದು ಕೊಬ್ಬಿಸಿ ತಂದಿದ್ದ ರಾಸುಗಳು ಉಸಿರುಗಟ್ಟಿ ಒದ್ದಾಡಿದವು. ಕೆಲವು ಸತ್ತವು, ಕೆಲವನ್ನು ಕೊಲ್ಲಬೇಕಾಯಿತು. ರಾಸುಗಳ ಸಾವು ಎಲ್ಲರ ಗಮನಕ್ಕೂ ಬಂದು ಪತ್ರಿಕೆಗಳಲ್ಲಿ ವರದಿಯಾಯಿತು.

ಮನುಷ್ಯರ ಸಾವು ಯಾರ ಗಮನಕ್ಕೂ ಬರಲಿಲ್ಲ. ಮಾನ್ಯ ಶ್ರೋತೃಗಳು ದಯವಿಟ್ಟು ಇದನ್ನು ಯೋಚಿಸಬೇಕು. ಎಂಬತ್ತು ಲಕ್ಷ ಜನರ ಊರಿನಲ್ಲಿ ದಿನಕ್ಕೆ ಒಂಬೈನೂರು ಮಂದಿಯವರೆಗೆ ಸತ್ತರೂ ಬೀದಿಯಲ್ಲಿ ಗದ್ದಲವಾಗಲಿಲ್ಲ. ಏಕೆಂದರೆ ಸತ್ತವರು ಬೀದಿಯಲ್ಲಿ ಬೀಳಲಿಲ್ಲ. ಅವರು ತಮ್ಮ ತಮ್ಮ ಮನೆಗಳಲ್ಲಿ, ತಮ್ಮ ತಮ್ಮ ಹಾಸಿಗೆಗಳಲ್ಲಿ, ಒಬ್ಬೊಬ್ಬರಾಗಿ ಸತ್ತರು. ಹೆಚ್ಚಿನವರು ವೃದ್ಧರು, ಮೊದಲೇ ಎದೆಯ ರೋಗವಿದ್ದವರು, ಜೊತೆಗೆ ಹಸುಗೂಸುಗಳು. ಪ್ರತಿಯೊಂದು ಮನೆಯವರಿಗೂ ಅದು ತಮ್ಮ ಮನೆಯ ದುಃಖ. ಅಜ್ಜನಿಗೆ ಕೆಮ್ಮಿದ್ದಿತು, ಚಳಿ ಹೆಚ್ಚಾಯಿತು, ಹೋಗಿಬಿಟ್ಟ. ವೈದ್ಯರು ಬಂದು ಶ್ವಾಸನಾಳದ ಉರಿಯೂತವೆಂದೋ ನ್ಯುಮೋನಿಯಾ ಎಂದೋ ಹೃದಯದ ದೌರ್ಬಲ್ಯವೆಂದೋ ಬರೆದುಕೊಟ್ಟರು. ಸುಳ್ಳು ಬರೆಯಲಿಲ್ಲ. ಆದರೆ ಹೊಗೆ ಎಂದು ಯಾರೂ ಬರೆಯಲಿಲ್ಲ. ಶವಪೆಟ್ಟಿಗೆ ಮಾಡುವವರಿಗೆ ಪೆಟ್ಟಿಗೆ ಸಾಲದಾಯಿತು, ಹೂವಿನ ಅಂಗಡಿಗಳಲ್ಲಿ ಹೂವು ಸಾಲದಾಯಿತು. ಏನೋ ನಡೆದಿದೆಯೆಂದು ಮೊದಲು ತಿಳಿದದ್ದು ಈ ಕಸುಬಿನವರಿಗೆ ಎಂದು ಹೇಳುವುದುಂಟು.

9ನೆಯ ತಾರೀಕು ಮಂಗಳವಾರ ಪಶ್ಚಿಮದ ಗಾಳಿ ಬೀಸಿ ಮುಚ್ಚಳ ತೆರೆಯಿತು. ಅನಂತರ ಲೆಕ್ಕದವರು ಕುಳಿತರು. ಡಿಸೆಂಬರ್ 13ಕ್ಕೆ ಮುಗಿದ ವಾರದಲ್ಲಿ ಮಹಾಲಂಡನ್ನಿನಲ್ಲಿ 4,703 ಮರಣಗಳಾಗಿದ್ದವು. ಹಿಂದಿನ ವರ್ಷ ಅದೇ ವಾರದಲ್ಲಿ ಆಗಿದ್ದದ್ದು 1,852. ಶ್ವಾಸನಾಳದ ಉರಿಯೂತ, ನ್ಯುಮೋನಿಯಾಗಳಿಂದ ಆದ ಸಾವು ಏಳು ಪಟ್ಟಿಗಿಂತ ಹೆಚ್ಚಾಗಿದ್ದಿತು. ನಗರದ ಪೂರ್ವಭಾಗದಲ್ಲಿ, ಬಡವರು ಒತ್ತಾಗಿ ವಾಸಿಸುವ ಕೇರಿಗಳಲ್ಲಿ, ಮರಣ ಒಂಬತ್ತು ಪಟ್ಟಾಗಿದ್ದಿತು. ಬಿಡಿಬಿಡಿಯಾಗಿ ನೋಡಿದಾಗ ಸಾಮಾನ್ಯವಾದ ಸಾವುಗಳು ಒಂದು ಪಟ್ಟಿಯಲ್ಲಿ ಕೂಡಿದೊಡನೆ ಒಂದು ಮಹಾಮಾರಿಯಾದವು. ನಮ್ಮ ತರ್ಕಶಾಸ್ತ್ರದಲ್ಲಿ ಬೆಟ್ಟದ ಮೇಲಿನ ಹೊಗೆಯನ್ನು ಕಂಡು ಬೆಂಕಿಯನ್ನು ಊಹಿಸುವ ದೃಷ್ಟಾಂತ ಪ್ರಸಿದ್ಧವಾದದ್ದು. ಲಂಡನ್ನಿನ ಗಣಿತಜ್ಞರು ಸಾವನ್ನು ಕಂಡು ಹೊಗೆಯನ್ನು ಊಹಿಸಬೇಕಾಯಿತು.

ಊಹೆ ಸಿದ್ಧವಾದರೂ ಒಪ್ಪಿಗೆ ಸುಲಭವಾಗಿ ಬರಲಿಲ್ಲ. ಐದು ದಿನಗಳ ಪಾಪವೆಂದು ಸರ್ಕಾರ ಒಪ್ಪಿಕೊಂಡ ಲೆಕ್ಕ ಸುಮಾರು ನಾಲ್ಕು ಸಾವಿರ. ಆದರೆ ಮುಂದಿನ ತಿಂಗಳುಗಳಲ್ಲಿಯೂ ಮರಣ ಹೆಚ್ಚಾಗಿಯೇ ಇದ್ದಿತು. ಅದು ಇನ್‌ಫ್ಲುಯೆಂಜಾ ಜ್ವರದಿಂದ ಎಂದು ಆರೋಗ್ಯ ಇಲಾಖೆ ಹೇಳಿ ಕೈತೊಳೆದುಕೊಂಡಿತು. 2001ರಲ್ಲಿ ಇಬ್ಬರು ಸಂಶೋಧಕರು ಹಳೆಯ ಪಟ್ಟಿಗಳನ್ನು ಮರಳಿ ಪರಿಶೋಧಿಸಿ, ಆ ಜ್ವರ ಅಷ್ಟು ಸಾವಿಗೆ ಸಾಲದೆಂದೂ, ಹೊಗೆಮಂಜಿಗೆ ಸಂದ ಬಲಿ ಸುಮಾರು ಹನ್ನೆರಡು ಸಾವಿರವೆಂದೂ ಅಭಿಪ್ರಾಯಪಟ್ಟರು. ಆಗ ಒಂದು ವರ್ಷದೊಳಗಿನ ಕೂಸುಗಳಾಗಿದ್ದವರಲ್ಲಿ ಬಾಲ್ಯದ ಉಬ್ಬಸ ಹೆಚ್ಚಾಗಿದ್ದಿತೆಂದು 2016ರ ಇನ್ನೊಂದು ಅಧ್ಯಯನ ತಿಳಿಸಿತು. ಐದು ದಿನದ ಗಾಳಿ ಕೆಲವರ ಎದೆಯಲ್ಲಿ ಆಯುಷ್ಯವೆಲ್ಲ ಉಳಿಯಿತು.

ಪರಿಹಾರದ ಕಥೆಯೂ ತಿಳಿಯತಕ್ಕದ್ದು. ಮೊದಲಿಗೆ ಸರ್ಕಾರಕ್ಕೆ ಉತ್ಸಾಹವಿರಲಿಲ್ಲ. ಆಗ ಗೃಹನಿರ್ಮಾಣದ ಮಂತ್ರಿಯಾಗಿದ್ದ ಮ್ಯಾಕ್‌ಮಿಲನ್, ಹೆಚ್ಚೇನೂ ಮಾಡಲಾಗದಿದ್ದರೂ ಬಹಳ ಕೆಲಸದಲ್ಲಿರುವಂತೆ ಕಾಣಿಸಿಕೊಳ್ಳಬಹುದು ಎಂಬರ್ಥದ ಮಾತನ್ನು ಸಹೋದ್ಯೋಗಿಗಳಿಗೆ ಬರೆದಿದ್ದನು. ಮುಖಕ್ಕೆ ಕಟ್ಟಿಕೊಳ್ಳುವ ಬಟ್ಟೆಯನ್ನು ವೈದ್ಯರ ಚೀಟಿಯ ಮೇಲೆ ಕೊಡುವ ಏರ್ಪಾಡಾಯಿತು. ಆದರೆ ಪಾರ್ಲಿಮೆಂಟಿನಲ್ಲಿ ಪ್ರಶ್ನೆಗಳು ನಿಲ್ಲಲಿಲ್ಲ. 1953ರಲ್ಲಿ ಸರ್ ಹ್ಯೂ ಬೀವರ್ ಅವರ ಅಧ್ಯಕ್ಷತೆಯಲ್ಲಿ ಸಮಿತಿಯೊಂದು ನೇಮಕವಾಯಿತು. 1954ರಲ್ಲಿ ಅದರ ವರದಿ ಬಂದಿತು. ವರದಿಯಲ್ಲಿ ಎಲ್ಲರನ್ನೂ ಬೆಚ್ಚಿಸಿದ ಅಂಶ ಯಾವುದೆಂದರೆ, ದೇಶದ ಹೊಗೆಯಲ್ಲಿ ಅರ್ಧಕ್ಕೆ ಹತ್ತಿರದ ಪಾಲು ಕಾರ್ಖಾನೆಗಳದಲ್ಲ, ಮನೆಗಳದು. ಅದುವರೆಗೆ ಪ್ರತಿಯೊಬ್ಬ ಗೃಹಸ್ಥನೂ ದೂರದ ದೊಡ್ಡ ಚಿಮಣಿಯನ್ನು ಕಂಡು ಹಲ್ಲು ಕಡಿಯುತ್ತಿದ್ದನು. ತನ್ನ ಮನೆಯ ಮಾಡಿನ ಮೇಲಿನ ಪುಟ್ಟ ಹೊಗೆಗೂಡನ್ನು ಅವನು ಎಂದೂ ಎಣಿಸಿರಲಿಲ್ಲ. ಹನಿ ಹನಿ ಕೂಡಿದರೆ ಹಳ್ಳವೆಂಬ ಗಾದೆಯನ್ನು ನಾವು ಉಳಿತಾಯಕ್ಕೆ ಹೇಳುತ್ತೇವೆ. ಅದು ಪಾಪಕ್ಕೂ ಸಲ್ಲುತ್ತದೆ.

ಇಂಗ್ಲಿಷರಿಗೆ ಅಗ್ಗಿಷ್ಟಿಕೆಯೆಂದರೆ ಚಳಿ ಕಾಯಿಸುವ ಸಾಧನ ಮಾತ್ರವಲ್ಲ. ಅದು ಮನೆಯ ಹೃದಯ. ಅದರ ಸುತ್ತ ಕುಳಿತು ಮಾತನಾಡುವುದೇ ಸಂಸಾರಸುಖ. ಅದನ್ನು ಆರಿಸಿರೆಂದು ಹೇಳುವುದು ಸುಲಭವಾಗಿರಲಿಲ್ಲ. ಒಲೆಯನ್ನು ಪೂಜಿಸಿ ರಂಗೋಲೆ ಹಾಕುವ ಮನೆಗಳಲ್ಲಿ ಬೆಳೆದ ನಮಗೆ ಆ ಮಮತೆ ಅರ್ಥವಾಗದ್ದೇನೂ ಅಲ್ಲ. ನಮ್ಮ ತಾಯಂದಿರು ಹಸಿ ಸೌದೆಯ ಮುಂದೆ ಊದುಗೊಳವೆ ಹಿಡಿದು ಕಣ್ಣು ಕೆಂಪಗೆ ಮಾಡಿಕೊಂಡದ್ದನ್ನು ನಾವು ಅಡುಗೆಯ ಸಹಜ ಭಾಗವೆಂದು ತಿಳಿದಿದ್ದೆವು. ಅವರ ಮುಪ್ಪಿನ ಕೆಮ್ಮನ್ನು ವಯಸ್ಸಿನ ಕೆಮ್ಮೆಂದು ಕರೆದೆವು. ಅದಕ್ಕೂ ಇದಕ್ಕೂ ಸಂಬಂಧವನ್ನು ನಾವು ಕಲ್ಪಿಸಲೇ ಇಲ್ಲ.

1956ನೆಯ ಜುಲೈ 5ರಂದು ನಿರ್ಮಲ ವಾಯುವಿನ ಕಾನೂನು ಜಾರಿಗೆ ಒಪ್ಪಿಗೆ ಪಡೆಯಿತು. ಊರಿನ ಗೊತ್ತಾದ ಭಾಗಗಳನ್ನು ಹೊಗೆರಹಿತ ಪ್ರದೇಶಗಳೆಂದು ಸಾರುವ ಅಧಿಕಾರವನ್ನು ಅದು ಸ್ಥಳೀಯ ಸಂಸ್ಥೆಗಳಿಗೆ ಕೊಟ್ಟಿತು. ನಮಗೆ ಮೆಚ್ಚಿಗೆಯಾದದ್ದು ಅದರ ಇನ್ನೊಂದು ನಿಯಮ. ಹಳೆಯ ಅಗ್ಗಿಷ್ಟಿಕೆಯನ್ನು ತೆಗೆದು ಹೊಗೆಯಿಲ್ಲದ್ದನ್ನು ಕೂಡಿಸಿಕೊಳ್ಳುವ ಮನೆಯವನಿಗೆ ನ್ಯಾಯವಾದ ವೆಚ್ಚದಲ್ಲಿ ಹತ್ತರಲ್ಲಿ ಏಳು ಪಾಲನ್ನು ಸಾರ್ವಜನಿಕ ಬೊಕ್ಕಸದಿಂದ ಹಿಂದಿರುಗಿಸತಕ್ಕದ್ದೆಂದು ಅದು ವಿಧಿಸಿತು. ನಿಷೇಧ ಮಾತ್ರವಿದ್ದಿದ್ದರೆ ಬಡವನು ಚಳಿಯಲ್ಲಿ ನಡುಗಬೇಕಾಗುತ್ತಿದ್ದಿತು, ಇಲ್ಲವೆ ಕದ್ದು ಉರಿಸಬೇಕಾಗುತ್ತಿದ್ದಿತು. ಕಾನೂನು ಒಂದು ಕೈಯಲ್ಲಿ ಬೆತ್ತವನ್ನೂ ಇನ್ನೊಂದು ಕೈಯಲ್ಲಿ ನೆರವನ್ನೂ ಹಿಡಿದು ಬಂದಿತು. ಫಲ ಒಂದೇ ದಿನದಲ್ಲಿ ದೊರೆಯಲಿಲ್ಲ. 1962ರ ಡಿಸೆಂಬರಿನಲ್ಲಿ ಮತ್ತೊಂದು ಹೊಗೆಮಂಜು ನೂರಾರು ಜನರನ್ನು ಕೊಂದಿತು. ಆದರೂ ಅನಿಲವೂ ವಿದ್ಯುಚ್ಛಕ್ತಿಯೂ ಮನೆಗಳನ್ನು ಸೇರಿದ ಹಾಗೆಲ್ಲ, ಡಿಕನ್ಸನು ಕಂಡ ಆ ಹಳದಿಯ ಮಂಜು ಲಂಡನ್ನಿನಿಂದ ಶಾಶ್ವತವಾಗಿ ಮರೆಯಾಯಿತು.

ಹಾಗಾದರೆ ಕಥೆ ಸುಖಾಂತವೆ? ಕಣ್ಣಿಗೆ ಕಾಣುವ ಹೊಗೆ ಹೋಯಿತು. ಕಾಣದ ಹೊಗೆ ಬಂದಿತು. ಮೋಟಾರು ವಾಹನಗಳ ಉಗುಳಿನಲ್ಲಿ ಸಾರಜನಕದ ಅನಿಲಗಳೂ, ಒಂದು ಮಿಲಿಮೀಟರಿನ ನಾನೂರರಲ್ಲಿ ಒಂದು ಪಾಲಿಗಿಂತ ಚಿಕ್ಕವಾದ ಕಣಗಳೂ ಇರುತ್ತವೆ. ಈ ಕಣಗಳನ್ನು ಮೂಗಿನ ಕೂದಲು ತಡೆಯಲಾರದು. ಅವು ಶ್ವಾಸಕೋಶದ ತಳವನ್ನು ಮುಟ್ಟಿ, ಅಲ್ಲಿಂದ ರಕ್ತಕ್ಕೂ ಇಳಿಯಬಲ್ಲವು. ಉಬ್ಬಸಕ್ಕೆ ಮಾತ್ರವಲ್ಲ, ಹೃದಯಾಘಾತಕ್ಕೂ ಪಾರ್ಶ್ವವಾಯುವಿಗೂ ಕಾರಣವಾಗುತ್ತವೆ. 2013ರಲ್ಲಿ ಲಂಡನ್ನಿನ ದಕ್ಷಿಣ ಭಾಗದಲ್ಲಿ, ವಾಹನ ಸಂಚಾರ ಅಧಿಕವಾದ ಹೆದ್ದಾರಿಯ ಸಮೀಪದಲ್ಲಿ ವಾಸವಾಗಿದ್ದ ಒಂಬತ್ತು ವರ್ಷದ ಬಾಲೆಯೊಬ್ಬಳು ಉಬ್ಬಸದಿಂದ ತೀರಿಕೊಂಡಳು. ಅವಳ ತಾಯಿ ಸುಮ್ಮನಾಗಲಿಲ್ಲ. ವರ್ಷಗಳ ಕಾಲ ಹೋರಾಡಿ ಎರಡನೆಯ ವಿಚಾರಣೆಯನ್ನು ಮಾಡಿಸಿದಳು. 2020ರ ಡಿಸೆಂಬರಿನಲ್ಲಿ, ವಾಯುಮಾಲಿನ್ಯವೂ ಈ ಸಾವಿಗೆ ಕಾರಣವೆಂದು ತೀರ್ಪಾಗಿ ಮರಣಪತ್ರದಲ್ಲಿ ಹಾಗೆಂದು ಬರೆಯಲಾಯಿತು. ಬ್ರಿಟನ್ನಿನಲ್ಲಿ ಹೀಗೆ ಬರೆದದ್ದು ಅದೇ ಮೊದಲು. 1952ರ ಸಾವಿರಾರು ಮರಣಪತ್ರಗಳಲ್ಲಿ ಯಾರೂ ಬರೆಯದೆ ಬಿಟ್ಟಿದ್ದ ಪದವನ್ನು ಅರವತ್ತೆಂಟು ವರ್ಷಗಳ ಮೇಲೆ ಒಂದು ಮಗುವಿನ ಹೆಸರಿನ ಮುಂದೆ ಬರೆದಂತಾಯಿತು.

ಈ ಮಾತನ್ನು ಕೇಳುತ್ತಿರುವಾಗ ಶ್ರೋತೃಗಳ ಮನಸ್ಸು ಆಗಲೇ ದೆಹಲಿಗೆ ಹೋಗಿರಬಹುದು. ಹೋಗುವುದು ನ್ಯಾಯವೇ. ಪ್ರತಿ ವರ್ಷವೂ ನವೆಂಬರ್ ಬಂದಿತೆಂದರೆ ಥೇಮ್ಸ್ ಕಣಿವೆಯ ಅದೇ ಮುಚ್ಚಳ ಯಮುನೆಯ ಬಯಲಿನ ಮೇಲೆ ಕೂರುತ್ತದೆ. ಅದರ ಕೆಳಗಿನ ಹೊಗೆ ಮಾತ್ರ ಬೇರೆ ಬೇರೆ ಮೂಲಗಳದು: ವಾಹನಗಳು, ರಸ್ತೆಯ ಧೂಳು, ಕಾರ್ಖಾನೆಗಳು, ಉಷ್ಣವಿದ್ಯುತ್ ಸ್ಥಾವರಗಳು, ಬೀದಿಯಲ್ಲಿ ಸುಡುವ ಕಸ, ಪಂಜಾಬ್ ಹರಿಯಾಣಗಳ ಗದ್ದೆಗಳಲ್ಲಿ ಉರಿಯುವ ಭತ್ತದ ಕೂಳೆ. ಸರ್ವೋಚ್ಚ ನ್ಯಾಯಾಲಯದ ಆಜ್ಞೆಯಿಂದ 2002ರ ಹೊತ್ತಿಗೆ ಆ ಊರಿನ ಬಸ್ಸುಗಳೆಲ್ಲ ಡೀಸೆಲನ್ನು ಬಿಟ್ಟು ಅನಿಲಕ್ಕೆ ತಿರುಗಿದವು. ಮನಸ್ಸು ಮಾಡಿದರೆ ಆಗುತ್ತದೆಂಬುದಕ್ಕೆ ಅದು ಸಾಕ್ಷಿ. ಆದರೆ ವಾಹನಗಳ ಸಂಖ್ಯೆ ಆ ಲಾಭವನ್ನು ನುಂಗಿತು. ಸೂಕ್ಷ್ಮ ಕಣಗಳು ಘನ ಮೀಟರಿಗೆ ವರ್ಷದ ಸರಾಸರಿಯಲ್ಲಿ 40 ಮೈಕ್ರೋಗ್ರಾಮನ್ನು ಮೀರಬಾರದೆಂದು ನಮ್ಮ ದೇಶದ ನಿಯಮ. 5ನ್ನು ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದೆ. 2023ರಲ್ಲಿ ದೆಹಲಿಯ ಸರಾಸರಿ ಸುಮಾರು 100. ಇಷ್ಟಿದ್ದರೂ, ವಾಯುಮಾಲಿನ್ಯದಿಂದಲೇ ಇಷ್ಟು ಮಂದಿ ಸತ್ತರೆಂದು ನೇರವಾಗಿ ಸ್ಥಾಪಿಸುವ ನಿರ್ಣಾಯಕ ಅಂಕಿಅಂಶವಿಲ್ಲವೆಂಬ ಉತ್ತರವನ್ನು ನಮ್ಮ ಪಾರ್ಲಿಮೆಂಟು ಒಂದಕ್ಕಿಂತ ಹೆಚ್ಚು ಸಲ ಕೇಳಿದೆ. ಈ ಉತ್ತರದಲ್ಲಿ ಸುಳ್ಳಿಲ್ಲದಿರಬಹುದು. 1952ರ ಲಂಡನ್ನಿನ ವೈದ್ಯರು ಬರೆದದ್ದರಲ್ಲಿಯೂ ಸುಳ್ಳಿರಲಿಲ್ಲ.

ಬೆಂಗಳೂರು ಎತ್ತರದಲ್ಲಿದೆ, ನಮ್ಮಲ್ಲಿ ಗಾಳಿಯಾಡುತ್ತದೆ, ನಮಗೆ ಆ ಭಯವಿಲ್ಲವೆಂದು ಹೇಳುವವರುಂಟು. ಗಾಳಿ ಬೀಸುವುದು ದೈವಕೃಪೆ. ಅದನ್ನು ನಮ್ಮ ಪೌರಧರ್ಮದ ಲೆಕ್ಕಕ್ಕೆ ಬರೆದುಕೊಳ್ಳುವುದು ಸಲ್ಲದು. ಲಂಡನ್ನಿನವರಿಗೂ ವರ್ಷದಲ್ಲಿ ಬಹುದಿನಗಳು ಗಾಳಿ ಬೀಸುತ್ತಿದ್ದಿತು. ಅದು ನಿಂತದ್ದು ಐದು ದಿನ ಮಾತ್ರ.

ಆದ್ದರಿಂದ ನಾವು ಹೇಳಬೇಕಾದದ್ದು ಎರಡೇ ಮಾತು. ಗಾಳಿಯನ್ನು ಅಳೆಯುವುದರ ಜೊತೆಗೆ ಸಾವನ್ನೂ ಸರಿಯಾಗಿ ಎಣಿಸಬೇಕು. ಎಣಿಸದ ಸಾವಿಗೆ ಯಾರೂ ಹೊಣೆಯಾಗುವುದಿಲ್ಲ. ಎಣಿಕೆ ಮುಗಿದ ಮೇಲೆ, ದೂರದ ಚಿಮಣಿಯನ್ನು ಬಯ್ಯುವುದಕ್ಕೆ ಮುಂಚೆ, ನಮ್ಮ ಬಾಗಿಲ ಮುಂದೆ ನಿಂತಿರುವ ವಾಹನವನ್ನೂ ಬೀದಿಯ ಮೂಲೆಯಲ್ಲಿ ನಾವು ಸುಡುವ ಕಸವನ್ನೂ ಆ ಲೆಕ್ಕದಲ್ಲಿ ಸೇರಿಸಬೇಕು. ತೆರಬೇಕಾದ ಬೆಲೆಯನ್ನು ಬಡವನೊಬ್ಬನ ಮೇಲೆಯೇ ಹೊರಿಸದೆ, ಕೂಳೆ ಸುಡುವ ರೈತನಿಗೂ ಸೌದೆಯ ಒಲೆಯ ಮುಂದೆ ಕುಳಿತ ತಾಯಿಗೂ ಹತ್ತರಲ್ಲಿ ಏಳು ಪಾಲಿನ ನ್ಯಾಯವನ್ನು ದೊರಕಿಸಬೇಕು. ಇಂದು ಸಂಜೆ ನಮ್ಮ ಮನೆಯಲ್ಲಿ ಯಾರಾದರೂ ಕೆಮ್ಮಿದರೆ, ಅದು ಬರಿಯ ಚಳಿಯೆಂದು ಹೇಳಿ ಕಿಟಕಿ ಮುಚ್ಚುವ ಮೊದಲು, ಹೊರಗೆ ಒಮ್ಮೆ ನೋಡುವ ಅಭ್ಯಾಸವನ್ನಾದರೂ ಮಾಡಿಕೊಳ್ಳೋಣ.